ಭೂಮಿ ಸೂರ್ಯನಿಂದ ದೂರ ಹೋದರೆ ಜ್ವರ ಬರುತ್ತಾ? ಗ್ರಹಗಳ ಹಾದಿ ಅಳೆಯುವ ಲೆಕ್ಕವನ್ನು ಮಕ್ಕಳ ಕೈಯಲ್ಲೇ ಮಾಡಿಸಿ ನೋಡಿ

ಜೂನ್ ಮುಗಿಯುತ್ತಿದ್ದಂತೆ ವಾಟ್ಸಾಪ್ ಗುಂಪುಗಳಿಗೆ ಒಂದು ಸಂದೇಶ ಮತ್ತೆ ಮತ್ತೆ ಬರುತ್ತದೆ. ನಾಳೆ ಬೆಳಗ್ಗೆ 5.27ಕ್ಕೆ ‘ಅಲ್ಫೀಲಿಯನ್’ ಎಂಬ ವಿದ್ಯಮಾನ ಶುರುವಾಗುತ್ತದೆ, ಭೂಮಿ ಸೂರ್ಯನಿಂದ ಬಹಳ ದೂರ ಹೋಗುತ್ತದೆ, ಆಗಸ್ಟ್‌ವರೆಗೂ ಹಿಂದೆಂದೂ ಇಲ್ಲದಷ್ಟು ಚಳಿ ಇರುತ್ತದೆ, ಮೈಕೈ ನೋವು, ಗಂಟಲು ಕಟ್ಟುವುದು, ಜ್ವರ, ಕೆಮ್ಮು ಎಲ್ಲ ಬರುತ್ತದೆ, ಹುಷಾರಾಗಿರಿ ಎಂಬುದು ಅದರ ಸಾರಾಂಶ. ಜೊತೆಗೆ ಅಂಕಿಗಳೂ ಇರುತ್ತವೆ. ಮಾಮೂಲಿಯಾಗಿ 9 ಕೋಟಿ ಕಿ.ಮೀ. ಇರುವ ದೂರ ಈಗ 15.2 ಕೋಟಿ ಕಿ.ಮೀ. ಆಗುತ್ತದಂತೆ, ಅಂದರೆ ಶೇ. 66ರಷ್ಟು ಹೆಚ್ಚು. (9ರಿಂದ 15.2ಕ್ಕೆ ಏರಿದರೆ ಅದು ಶೇ. 69 ಆಗಬೇಕು. ಇರಲಿ ಬಿಡಿ.)

ಇದರಲ್ಲಿ ಒಂದು ಅಂಕಿ ಮಾತ್ರ ನಿಜ. ಜುಲೈ ಮೊದಲ ವಾರದಲ್ಲಿ ಭೂಮಿ ಸೂರ್ಯನಿಂದ ಸುಮಾರು 15.21 ಕೋಟಿ ಕಿ.ಮೀ. ದೂರ ಇರುತ್ತದೆ. ಆ ಬಿಂದುವಿಗೆ ಅಫೀಲಿಯನ್ ಎಂದು ಹೆಸರು. ಆದರೆ ಜನವರಿ ಮೊದಲ ವಾರದಲ್ಲಿ, ಅತಿ ಹತ್ತಿರ ಇದ್ದಾಗಲೂ ಆ ದೂರ 14.71 ಕೋಟಿ ಕಿ.ಮೀ. ಇದ್ದೇ ಇರುತ್ತದೆ. 9 ಕೋಟಿ ಎನ್ನುವುದು ಎಲ್ಲಿಂದಲೋ ಬಂದ ಸಂಖ್ಯೆ. ನಿಜವಾದ ವ್ಯತ್ಯಾಸ ಶೇ. 3ರಿಂದ 4ರ ಒಳಗೆ, ಅದೂ ಒಂದು ಬೆಳಗ್ಗೆ ಏಕಾಏಕಿ ಆಗುವಂಥದ್ದಲ್ಲ. ಆರು ತಿಂಗಳು ನಿಧಾನವಾಗಿ ದೂರ, ಆರು ತಿಂಗಳು ನಿಧಾನವಾಗಿ ಹತ್ತಿರ. ಪ್ರತಿ ವರ್ಷವೂ ಇದೇ ಕಥೆ.

ಜುಲೈನಲ್ಲಿ ನಮಗೆ ತಂಪೆನಿಸುವುದು ನಿಜ, ಸಂದೇಶ ನಂಬಿಕೆ ಗಿಟ್ಟಿಸುವುದೂ ಅದರಿಂದಲೇ. ಆದರೆ ಆ ತಂಪು ಮುಂಗಾರಿನ ಮೋಡದ್ದು. ಅದೇ ಜುಲೈನಲ್ಲಿ ದೆಹಲಿಯವರು ಬೆವರು ಒರೆಸಿಕೊಳ್ಳುತ್ತಿರುತ್ತಾರೆ. ಜ್ವರದ ಮಾತಂತೂ ಅಪಾಯಕಾರಿ. ಮಳೆಗಾಲ ಡೆಂಗಿಯ ಕಾಲ. ಮೈಕೈ ನೋವು, ಜ್ವರ ಬಂದವರು ‘ಇದು ಅಫೀಲಿಯನ್ ಜ್ವರ, ಆಗಸ್ಟ್‌ಗೆ ಹೋಗುತ್ತದೆ’ ಎಂದು ಮನೆಯಲ್ಲೇ ಮಲಗಿದರೆ ರಕ್ತಪರೀಕ್ಷೆ ತಡವಾಗುತ್ತದೆ. ಇದೊಂದು ಕಾರಣಕ್ಕಾದರೂ ಈ ಸಂದೇಶವನ್ನು ಮುಂದೆ ಕಳಿಸಬೇಡಿ.

ಫ್ಯಾಕ್ಟ್‌ಚೆಕ್ ಇಲ್ಲಿಗೆ ಮುಗಿಯಬಹುದಿತ್ತು. ಆದರೆ ಗುಂಪಿನಲ್ಲಿ ‘ಇದು ಸುಳ್ಳು, ನಾಸಾ ಪ್ರಕಾರ ಹೀಗಿದೆ’ ಎಂದು ಹಾಕಿದ ತಕ್ಷಣ ಬರುವ ಉತ್ತರ ನಿಮಗೂ ಗೊತ್ತಿರುತ್ತದೆ: ‘ನಾಸಾದವರು ಟೇಪು ಹಿಡಿದು ಅಳೆದಿದ್ದಾರಾ?’ ವ್ಯಂಗ್ಯವಾಗಿ ಕೇಳಿದರೂ ಪ್ರಶ್ನೆ ಒಳ್ಳೆಯದೇ. ಮಕ್ಕಳೂ ಇದನ್ನೇ ಕೇಳುತ್ತಾರೆ. ‘ನಾಸಾ ಹೇಳಿದೆ’ ಎನ್ನುವುದಕ್ಕೂ ‘ಫಾರ್ವರ್ಡ್ ಹೇಳಿದೆ’ ಎನ್ನುವುದಕ್ಕೂ ಕೇಳುವವರ ಕಿವಿಗೆ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಹಾಗಾಗಿ ನಾವು ಇಲ್ಲಿ ಅಳೆಯುವ ವಿಧಾನವನ್ನೇ ತೋರಿಸುತ್ತೇವೆ. ಬೇಕಾಗುವುದು ಎ4 ಹಾಳೆ, ಸ್ಕೇಲು, ಕೈವಾರ, ಕೋನಮಾಪಕ. ಹೈಸ್ಕೂಲ್ ಮಕ್ಕಳು ಒಂದು ಪೀರಿಯಡ್‌ನಲ್ಲಿ ಮುಗಿಸಬಲ್ಲ ಕೆಲಸ.

ಮೊದಲ ಸುಳಿವು ಪಂಚಾಂಗದಲ್ಲೇ ಇದೆ

ಧನುರ್ಮಾಸ ಯಾವಾಗ ಶುರುವಾಗಿ ಯಾವಾಗ ಮುಗಿಯುತ್ತದೆ ನೋಡಿ. ಡಿಸೆಂಬರ್ 16ರ ಆಸುಪಾಸು ಶುರು, ಮಕರ ಸಂಕ್ರಾಂತಿಗೆ ಮುಕ್ತಾಯ. ಸುಮಾರು 29 ದಿನ. ಈಗ ಸೌರಮಾನದ ಮಿಥುನ ಮಾಸ ನೋಡಿ. ಜೂನ್ 15ರ ಸುಮಾರಿಗೆ ಶುರುವಾಗಿ ಜುಲೈ 16ರ ಸುಮಾರಿಗೆ ಮುಗಿಯುತ್ತದೆ, ಅಂದರೆ 31 ದಿನಕ್ಕೂ ಹೆಚ್ಚು. ಎರಡೂ ತಿಂಗಳಲ್ಲಿ ಸೂರ್ಯ ದಾಟುವುದು ಆಕಾಶದ 30 ಡಿಗ್ರಿಯನ್ನೇ. ಆದರೂ ಒಂದನ್ನು ಬೇಗ ದಾಟುತ್ತಾನೆ, ಇನ್ನೊಂದನ್ನು ನಿಧಾನವಾಗಿ.

ಚಲಿಸುತ್ತಿರುವುದು ಭೂಮಿ ಎಂದು ನಮಗೀಗ ಗೊತ್ತಿದೆ. ಸೂರ್ಯನಿಗೆ ಹತ್ತಿರ ಇದ್ದಾಗ ಅದರ ಓಟ ಚುರುಕು, ದೂರ ಇದ್ದಾಗ ನಿಧಾನ. ಈ ಏರುಪೇರನ್ನು ನಮ್ಮ ಖಗೋಳ ಗಣಿತಜ್ಞರು ಚೆನ್ನಾಗಿಯೇ ಗುರುತಿಸಿದ್ದರು. ಸೂರ್ಯ ಅತಿ ನಿಧಾನವಾಗಿ ಚಲಿಸುವಂತೆ ಕಾಣುವ ಜಾಗಕ್ಕೆ ಮಂದೋಚ್ಚ ಎಂದು ಹೆಸರು. ಆರ್ಯಭಟೀಯದಲ್ಲಿ ಅದನ್ನು 78 ಡಿಗ್ರಿ, ಅಂದರೆ ಮಿಥುನ ರಾಶಿ ಎಂದು ಕೊಟ್ಟಿದೆ. (ಹಾಗೆಂದು ‘ಎಲ್ಲವೂ ಮೊದಲೇ ಗೊತ್ತಿತ್ತು’ ಎಂಬ ಇನ್ನೊಂದು ಫಾರ್ವರ್ಡ್ ಮಾಡಬೇಡಿ. ಅವರ ಲೆಕ್ಕ ಭೂಮಿಯನ್ನು ನಡುವೆ ಇಟ್ಟುಕೊಂಡದ್ದು.) ಇಲ್ಲಿ ಗಮನಿಸಬೇಕಾದ್ದು ಇಷ್ಟು: ತಿಂಗಳ ಉದ್ದದಲ್ಲಿರುವ ವ್ಯತ್ಯಾಸ ಎರಡು ದಿನದಷ್ಟು ಚಿಕ್ಕದು. ದೂರ ಶೇ. 66ರಷ್ಟು ಬದಲಾಗುತ್ತಿದ್ದರೆ ಎರಡು ತಿಂಗಳ ಉದ್ದ ಒಂದಕ್ಕೊಂದು ತಾಳೆಯೇ ಆಗುತ್ತಿರಲಿಲ್ಲ.

ಎರಡನೇ ಸುಳಿವು ಸೂರ್ಯನ ಗಾತ್ರ. ವಸ್ತು ದೂರ ಹೋದಷ್ಟೂ ಚಿಕ್ಕದಾಗಿ ಕಾಣಬೇಕು. ಸೂರ್ಯನನ್ನು ಎಂದಿಗೂ ನೇರವಾಗಿ ನೋಡಬಾರದು, ಮಕ್ಕಳಿಗೆ ಇದನ್ನು ಎರಡು ಸಲ ಹೇಳಿ. ಚಿಕ್ಕ ಕನ್ನಡಿಯೊಂದಕ್ಕೆ ಅರ್ಧ ಸೆಂ.ಮೀ. ತೂತಿರುವ ಕಾಗದ ಅಂಟಿಸಿ, ಬಿಸಿಲನ್ನು 10 ಮೀಟರ್ ದೂರದ ಕತ್ತಲೆ ಕೋಣೆಯ ಗೋಡೆಗೆ ಬೀಳಿಸಿ. ಗೋಡೆಯ ಮೇಲೆ ಬೀಳುವ ದುಂಡನೆಯ ಬೆಳಕು ಸೂರ್ಯನ ಬಿಂಬ. ಜನವರಿಯಲ್ಲಿ ಅದು ಸುಮಾರು ಒಂಬತ್ತೂವರೆ ಸೆಂ.ಮೀ. ಅಗಲ ಇರುತ್ತದೆ. ಅಂಚು ಸ್ವಲ್ಪ ಮಸುಕಾಗಿರುತ್ತದೆ, ತೊಂದರೆಯಿಲ್ಲ. ಅದೇ ಕನ್ನಡಿ, ಅದೇ ದೂರ ಇಟ್ಟುಕೊಂಡು ಜುಲೈನಲ್ಲಿ ಮೋಡ ಸರಿದ ದಿನ ಅಳೆದರೆ ಸುಮಾರು 3 ಮಿ.ಮೀ. ಕಡಿಮೆಯಾಗಿರುತ್ತದೆ. ಫಾರ್ವರ್ಡ್ ನಿಜವಾಗಿದ್ದರೆ ಬಿಂಬ ಐದೂವರೆ ಸೆಂ.ಮೀ.ಗೆ ಇಳಿಯಬೇಕಿತ್ತು, ನಮಗೆ ಸಿಗುವ ಬಿಸಿಲು ಮೂರನೇ ಒಂದು ಪಾಲಿಗೆ ಬರಬೇಕಿತ್ತು. ಹಾಗಾದರೆ ಸಮುದ್ರಗಳೇ ಹೆಪ್ಪುಗಟ್ಟಲು ಶುರುವಾಗುತ್ತವೆ, ಕೆಮ್ಮು ನೆಗಡಿ ಆಮೇಲಿನ ಮಾತು.

ಚುಕ್ಕೆಯಿಂದ ಹಾದಿಗೆ: ಮಂಗಳನ ಲೆಕ್ಕ

ಸೂರ್ಯನಿಗಾದರೆ ಅಳೆಯಬಹುದಾದ ಗಾತ್ರವಿದೆ. ಮಂಗಳ ಗ್ರಹ ಬರಿಗಣ್ಣಿಗೆ ಬರೀ ಒಂದು ಕೆಂಪು ಚುಕ್ಕೆ. ಅದು ಯಾವ ದಿಕ್ಕಿನಲ್ಲಿದೆ ಎಂದು ಗೊತ್ತಾಗುತ್ತದೆಯೇ ಹೊರತು ಎಷ್ಟು ದೂರದಲ್ಲಿದೆ ಎಂದು ಗೊತ್ತಾಗುವುದಿಲ್ಲ. ಜೊತೆಗೆ ನೋಡುತ್ತಿರುವ ನಾವೂ ಸುಮ್ಮನೆ ನಿಂತಿಲ್ಲ. ಚಲಿಸುವ ಬಸ್ಸಿನಲ್ಲಿ ಕೂತು ಚಲಿಸುವ ಇನ್ನೊಂದು ಬಸ್ಸಿನ ಹಾದಿ ಹೇಳಬೇಕಾದ ಪರಿಸ್ಥಿತಿ ಇದು. ಮಂಗಳ ಕೆಲವೊಮ್ಮೆ ಹಿಂದಕ್ಕೆ ಹೋದಂತೆ ಕಾಣುವ ‘ವಕ್ರಗತಿ’ಗೂ ಇದೇ ಕಾರಣ. ನಮ್ಮ ಬಸ್ಸು ಓವರ್‌ಟೇಕ್ ಮಾಡುವಾಗ ಪಕ್ಕದ ಬಸ್ಸು ಹಿಂದೆ ಸರಿದಂತೆ ಕಾಣುತ್ತದಲ್ಲ, ಅಷ್ಟೇ.

ಇದನ್ನು ಬಿಡಿಸಿದವನು ಯೊಹಾನೆಸ್ ಕೆಪ್ಲರ್. ಅವನಿಗೆ ಬೇಕಾದ ಮಾಹಿತಿ ಸಿಕ್ಕಿದ್ದು ಡೆನ್ಮಾರ್ಕ್‌ನ ಟೈಕೊ ಬ್ರಾಹೆಯಿಂದ. ಟೈಕೊ ದೂರದರ್ಶಕ ಬಳಕೆಗೆ ಬರುವ ಮೊದಲೇ, ದೊಡ್ಡ ದೊಡ್ಡ ಕೋನ ಅಳೆಯುವ ಉಪಕರಣಗಳಿಂದ ವರ್ಷಗಟ್ಟಲೆ ಮಂಗಳನ ದಿಕ್ಕನ್ನು ಬರೆದಿಟ್ಟಿದ್ದ. ಕೆಪ್ಲರ್ 1600ರಲ್ಲಿ ಅವನ ಜೊತೆ ಸೇರಿಕೊಂಡ. ಮರುವರ್ಷ ಟೈಕೊ ತೀರಿಕೊಂಡ. ದಾಖಲೆಗಳು ಕೆಪ್ಲರ್ ಕೈಗೆ ಬಂದವು.

ಕೆಪ್ಲರ್‌ನ ಉಪಾಯ ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಮಂಗಳ ಸೂರ್ಯನನ್ನು ಒಂದು ಸುತ್ತು ಹಾಕಲು 687 ದಿನ ಬೇಕು. ಅಂದರೆ ಇವತ್ತು ಎಲ್ಲಿದೆಯೋ 687 ದಿನ ಬಿಟ್ಟು ಮತ್ತೆ ಅಲ್ಲೇ ಇರುತ್ತದೆ. ಆದರೆ ಅಷ್ಟರಲ್ಲಿ ಭೂಮಿ ಎರಡು ಸುತ್ತು ಮುಗಿಸಲು ಇನ್ನೂ 43 ದಿನ ಬಾಕಿ ಇರುತ್ತದೆ, ಹಾಗಾಗಿ ಅದು ಬೇರೆ ಜಾಗದಲ್ಲಿರುತ್ತದೆ. ಒಂದೇ ಜಾಗದಲ್ಲಿರುವ ಮಂಗಳನನ್ನು ಎರಡು ಜಾಗಗಳಿಂದ ನೋಡಿದಂತಾಯಿತು. ಎರಡೂ ಕಡೆಯಿಂದ ಗೆರೆ ಎಳೆದರೆ ಅವು ಕೂಡುವಲ್ಲಿ ಮಂಗಳ. ಹೊಳೆ ದಾಟದೆಯೇ ಆಚೆ ದಡದ ಮರದ ದೂರ ಅಳೆಯುವ ಸರ್ವೆಯವರ ವಿದ್ಯೆಯೇ ಇದು.

687 ಎಲ್ಲಿಂದ ಬಂತು ಎಂದು ಚುರುಕಾದ ಮಗು ಕೇಳಿಯೇ ಕೇಳುತ್ತದೆ. ಮಂಗಳ ಆಕಾಶದಲ್ಲಿ ಸೂರ್ಯನಿಗೆ ನೇರ ಎದುರಾಗಿ ಬರುವುದು ಸರಾಸರಿ 780 ದಿನಕ್ಕೊಮ್ಮೆ. ಅಷ್ಟರಲ್ಲಿ ಭೂಮಿ 2.135 ಸುತ್ತು ಹಾಕಿರುತ್ತದೆ. ಒಳಗಿನ ಪಥದಲ್ಲಿ ಓಡುವ ಭೂಮಿ ಮಂಗಳನನ್ನು ಮತ್ತೆ ಹಿಡಿಯಬೇಕಾದರೆ ಒಂದು ಸುತ್ತು ಹೆಚ್ಚು ಓಡಿರಬೇಕು. ಹಾಗಾದರೆ ಮಂಗಳ ಓಡಿದ್ದು 1.135 ಸುತ್ತು. 780ನ್ನು 1.135ರಿಂದ ಭಾಗಿಸಿ, 687 ಬರುತ್ತದೆ.

ಈಗ ಹಾಳೆ ತೆಗೆದುಕೊಳ್ಳಿ. ನಡುವೆ ಸೂರ್ಯನ ಚುಕ್ಕೆ. ಅದರ ಸುತ್ತ 5 ಸೆಂ.ಮೀ. ತ್ರಿಜ್ಯದ ವೃತ್ತ ಭೂಮಿಯ ಹಾದಿ. ಸೂರ್ಯನಿಂದ ಬಲಕ್ಕೆ ಎಳೆದ ಅಡ್ಡಗೆರೆ 0 ಡಿಗ್ರಿ. ಕೋನಗಳನ್ನೆಲ್ಲ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಅಳೆಯಬೇಕು. ಕೆಪ್ಲರ್ ಬಳಸಿದ ಟೈಕೊನ ವೀಕ್ಷಣೆಗಳಲ್ಲಿ ಮೂರು ಜೋಡಿ ಇಲ್ಲಿವೆ, ಹತ್ತಿರದ ಪೂರ್ಣ ಡಿಗ್ರಿಗೆ ಸರಿಹೊಂದಿಸಿದ್ದೇವೆ:

ಅ) 1585 ಫೆಬ್ರವರಿ 17: ಭೂಮಿ 159°, ಮಂಗಳನ ದಿಕ್ಕು 135°. 1587 ಜನವರಿ 5: ಭೂಮಿ 115°, ಮಂಗಳನ ದಿಕ್ಕು 182°.
ಆ) 1591 ಸೆಪ್ಟೆಂಬರ್ 19: ಭೂಮಿ 6°, ಮಂಗಳನ ದಿಕ್ಕು 284°. 1593 ಆಗಸ್ಟ್ 6: ಭೂಮಿ 323°, ಮಂಗಳನ ದಿಕ್ಕು 347°.
ಇ) 1593 ಡಿಸೆಂಬರ್ 7: ಭೂಮಿ 86°, ಮಂಗಳನ ದಿಕ್ಕು 3°. 1595 ಅಕ್ಟೋಬರ್ 25: ಭೂಮಿ 42°, ಮಂಗಳನ ದಿಕ್ಕು 50°.

ಮೊದಲ ಕೋನವನ್ನು ಸೂರ್ಯನಲ್ಲಿ ಕೋನಮಾಪಕ ಇಟ್ಟು ಅಳೆದು ವೃತ್ತದ ಮೇಲೆ ಭೂಮಿಯನ್ನು ಗುರುತು ಮಾಡಿ. ಎರಡನೇ ಕೋನಕ್ಕೆ ಕೋನಮಾಪಕವನ್ನು ಭೂಮಿಯ ಚುಕ್ಕೆಯ ಮೇಲೆ ಇಡಬೇಕು, ಆದರೆ ಅದರ ಸೊನ್ನೆಯ ಗೆರೆ ಆ ಮೊದಲ ಅಡ್ಡಗೆರೆಗೆ ಸಮಾಂತರವಾಗಿರಬೇಕು. ಮಕ್ಕಳು ಎಡವುವುದು ಇಲ್ಲೇ. ಸೂರ್ಯನಿಂದ ಭೂಮಿಗೆ ಬಂದ ಗೆರೆಯನ್ನೇ ಸೊನ್ನೆ ಅಂದುಕೊಂಡು ಅಳೆದುಬಿಡುತ್ತಾರೆ, ಆಮೇಲೆ ಗೆರೆಗಳು ಎಲ್ಲೆಲ್ಲೋ ಹೋಗುತ್ತವೆ. ದಿಕ್ಕು ಎಂದರೆ ದೂರದ ನಕ್ಷತ್ರಗಳ ಲೆಕ್ಕದಲ್ಲಿ ದಿಕ್ಕು, ನಕ್ಷತ್ರಗಳು ಎಷ್ಟು ದೂರವೆಂದರೆ ಭೂಮಿ ಎಲ್ಲಿಗೆ ಹೋದರೂ 0 ಡಿಗ್ರಿಯ ದಿಕ್ಕು ಬದಲಾಗುವುದಿಲ್ಲ ಎಂದು ಮೊದಲೇ ಹೇಳಿಬಿಡಿ. ಗ್ರಾಫ್ ಹಾಳೆ ಇದ್ದರೆ ಇನ್ನೂ ಸಲೀಸು, ಅದರ ಅಡ್ಡಗೆರೆಗಳೆಲ್ಲ ಸಮಾಂತರವೇ.

ಸರಿಯಾಗಿ ಎಳೆದರೆ ‘ಅ’ ಜೋಡಿಯ ಗೆರೆಗಳು ಸೂರ್ಯನಿಂದ ಸುಮಾರು 8.4 ಸೆಂ.ಮೀ. ದೂರದಲ್ಲಿ ಕೂಡುತ್ತವೆ. ‘ಆ’ ಜೋಡಿಯವು 6.9 ಸೆಂ.ಮೀ., ‘ಇ’ ಜೋಡಿಯವು 7.5 ಸೆಂ.ಮೀ. ದೂರದಲ್ಲಿ. ಭೂಮಿಯ ದೂರವನ್ನು 1 ಎಂದುಕೊಂಡರೆ ಮಂಗಳನ ಅತಿ ದೂರ 1.69, ಅತಿ ಹತ್ತಿರ 1.38. ಇವತ್ತಿನ ಖಚಿತ ಲೆಕ್ಕ 1.67 ಮತ್ತು 1.38. ಬರಿಗಣ್ಣಿನಲ್ಲಿ ನೋಡಿ ಬರೆದ, ನಾಲ್ಕು ಶತಮಾನಕ್ಕೂ ಹಳೆಯ ಅಂಕಿಗಳಿಂದ ಶಾಲೆಯ ಕೋನಮಾಪಕದಲ್ಲಿ ಇಷ್ಟು ಹತ್ತಿರ ಬರುವುದು ಸಣ್ಣ ವಿಷಯವಲ್ಲ.

ಕಿಲೋಮೀಟರ್ ಮಾತ್ರ ಈ ಹಾಳೆಯಿಂದ ಸಿಗುವುದಿಲ್ಲ, ಸಿಗುವುದು ಅನುಪಾತ. ಒಂದು ದೂರ ನಿಜವಾಗಿ ಗೊತ್ತಾದರೆ ಉಳಿದವೆಲ್ಲ ತಾನಾಗಿ ಗೊತ್ತಾಗುತ್ತವೆ. 1961ರಲ್ಲಿ ಶುಕ್ರ ಗ್ರಹಕ್ಕೆ ರೇಡಾರ್ ಅಲೆ ಕಳಿಸಿ, ಅದು ಬಡಿದು ವಾಪಸ್ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ ಅದನ್ನು ಬಹಳ ನಿಖರವಾಗಿ ಅಳೆದರು. ಟೇಪು ಯಾರು ಹಿಡಿದರು ಎಂದು ಕೇಳಿದವರಿಗೆ ಉತ್ತರ ಇದು. ನಮ್ಮ ಹಾಳೆಯಲ್ಲಿ 1 ಸೆಂ.ಮೀ. ಎಂದರೆ ಸುಮಾರು 3 ಕೋಟಿ ಕಿ.ಮೀ.

ಮೊಟ್ಟೆಯಾಕಾರ ಎಲ್ಲಿದೆ?

ಈಗ ಒಂದು ಕೆಲಸ ಮಾಡಿಸಿ. ‘ಅ’ ಮತ್ತು ‘ಆ’ ಬಿಂದುಗಳನ್ನು ಸೇರಿಸಿ, ಗೆರೆ ಹೆಚ್ಚುಕಡಿಮೆ ಸೂರ್ಯನ ಮೂಲಕವೇ ಹಾದುಹೋಗುತ್ತದೆ. ಆ ಗೆರೆಯ ಮಧ್ಯಬಿಂದುವಿನಲ್ಲಿ ಕೈವಾರ ಇಟ್ಟು ಎರಡೂ ಬಿಂದು ತಾಗುವಂತೆ ವೃತ್ತ ಎಳೆಯಿರಿ. ನಾವು ಲೆಕ್ಕ ಹಾಕಿದಾಗ ಮೂರನೇ ಬಿಂದು ‘ಇ’ ಕೂಡ ಪೆನ್ಸಿಲ್ ಗೆರೆಯ ದಪ್ಪದೊಳಗೆ ಅದೇ ವೃತ್ತದ ಮೇಲೆ ಬಂತು. ಸೂರ್ಯ ಮಾತ್ರ ವೃತ್ತದ ಕೇಂದ್ರದಲ್ಲಿಲ್ಲ, ಮುಕ್ಕಾಲು ಸೆಂ.ಮೀ. ಪಕ್ಕಕ್ಕಿದೆ.

ಇಲ್ಲಿ ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ, ಬೀಳಲಿ. ಪಠ್ಯದಲ್ಲಿ ದೀರ್ಘವೃತ್ತ ಎಂದಿದೆಯಲ್ಲ? ನಿಜ, ಮಂಗಳನ ಕಕ್ಷೆ ದೀರ್ಘವೃತ್ತವೇ. ಆದರೆ ಈ ಅಳತೆಯ ಹಾಳೆಯಲ್ಲಿ ಅದಕ್ಕೂ ವೃತ್ತಕ್ಕೂ ಇರುವ ವ್ಯತ್ಯಾಸ 0.3 ಮಿ.ಮೀ. ಕೆಪ್ಲರ್ ಅದನ್ನು ಹಿಡಿದದ್ದು ಚಿತ್ರ ನೋಡಿ ಅಲ್ಲ. ವೃತ್ತವನ್ನು ನಂಬಿ ಮಾಡಿದ ಅವನ ಲೆಕ್ಕಕ್ಕೂ ಟೈಕೊನ ವೀಕ್ಷಣೆಗೂ ಒಂದು ಕಡೆ 8 ಕಲೆಗಳಷ್ಟು ವ್ಯತ್ಯಾಸ ಬಂತು. ಒಂದು ಡಿಗ್ರಿಯಲ್ಲಿ 60 ಕಲೆ. ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗ ಎಂದುಕೊಳ್ಳಿ. ಬೇರೆ ಯಾರಾದರೂ ಆಗಿದ್ದರೆ ಅಳೆದವನ ತಪ್ಪು ಎಂದು ಬಿಟ್ಟುಬಿಡುತ್ತಿದ್ದರು. ಟೈಕೊ ಅಷ್ಟು ತಪ್ಪುವವನಲ್ಲ ಎಂದು ಕೆಪ್ಲರ್‌ಗೆ ಗೊತ್ತಿತ್ತು. ತನ್ನ ವರ್ಷಗಳ ಲೆಕ್ಕವನ್ನೇ ಬದಿಗಿಟ್ಟು ಮತ್ತೆ ಶುರು ಮಾಡಿದ. ದೀರ್ಘವೃತ್ತದ ನಿಯಮ 1609ರಲ್ಲಿ ಪ್ರಕಟವಾದ ‘ಆಸ್ಟ್ರೊನೋಮಿಯಾ ನೋವಾ’ದಲ್ಲಿದೆ. ಇಡೀ ಕಥೆಯಲ್ಲಿ ನಮಗೆ ಹೆಚ್ಚು ಹಿಡಿಸುವುದು ಈ 8 ಕಲೆ.

ಭೂಮಿಯ ಹಾದಿಯನ್ನು ಅವನು ಇದಕ್ಕೂ ಮೊದಲೇ ಅಳೆದಿದ್ದ. ಉಪಾಯ ಅದೇ, ತಿರುವುಮುರುವು. 687 ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುವ ಮಂಗಳನನ್ನು ನೆಟ್ಟ ಕಂಬ ಎಂದುಕೊಂಡು, ಅಲ್ಲಿಂದ ಭೂಮಿ ಎಲ್ಲೆಲ್ಲಿದೆ ಎಂದು ನೋಡಿದ. ಸೂರ್ಯ ಭೂಮಿಯ ಹಾದಿಯ ಕೇಂದ್ರದಿಂದ ಶೇ. 2ಕ್ಕಿಂತ ಕಡಿಮೆ ಪಕ್ಕಕ್ಕಿರುವುದು ಕಂಡಿತು. ನಮ್ಮ ಹಾಳೆಯಲ್ಲಿ ಅದು 1 ಮಿ.ಮೀ. ಕೂಡ ಇಲ್ಲ. ಅಫೀಲಿಯನ್ ಎಂಬ ದೊಡ್ಡ ಹೆಸರಿನ ಹಿಂದಿರುವುದು ಇಷ್ಟು ಸಣ್ಣ ಸರಿತ. ಚಳಿ, ಸೆಕೆಗಳ ಋತುಗಳಿಗೆ ಕಾರಣ ಭೂಮಿಯ ಅಕ್ಷದ 23.5 ಡಿಗ್ರಿ ಓಲು, ದೂರವಲ್ಲ. ಆದರೆ ಪುಸ್ತಕಗಳಲ್ಲಿ ಅರ್ಥವಾಗಲಿ ಎಂದು ಭೂಮಿಯ ಕಕ್ಷೆಯನ್ನು ಮೊಟ್ಟೆಯಂತೆ ಎಳೆದು ಬರೆದಿರುತ್ತಾರೆ. ಅದನ್ನು ನೋಡಿ ಬೆಳೆದವರಿಗೆ ಶೇ. 66 ಎಂದರೂ ಅನುಮಾನ ಬರುವುದಿಲ್ಲ. ಈ ಫಾರ್ವರ್ಡ್‌ಗೆ ಅರ್ಧ ಕಾರಣ ಆ ಚಿತ್ರಗಳೇ ಎನ್ನುವುದು ನಮ್ಮ ಅಭಿಪ್ರಾಯ.

ಅದೇ ಹಾಳೆ, ಇನ್ನೊಂದು ಫಾರ್ವರ್ಡ್

ಆಗಸ್ಟ್ 27ರ ರಾತ್ರಿ ಮಂಗಳ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಸಂದೇಶ ನೆನಪಿದೆಯೇ? ಹಾಳೆ ನೋಡಿ. ಮಂಗಳ ‘ಆ’ ಬಿಂದುವಿನಲ್ಲಿದ್ದು ಭೂಮಿ ಅದರ ನೇರಕ್ಕೆ ಬಂದರೆ ನಡುವಿನ ದೂರ 1.9 ಸೆಂ.ಮೀ., ಅಂದರೆ 5.7 ಕೋಟಿ ಕಿ.ಮೀ. ಅದಕ್ಕಿಂತ ಬಹಳ ಹತ್ತಿರ ಬರಲು ದಾರಿಯೇ ಇಲ್ಲ. 2003ರ ಆಗಸ್ಟ್ 27ರಂದು ಅದು ನಿಜವಾಗಿ ಬಂದದ್ದು 5.58 ಕೋಟಿ ಕಿ.ಮೀ.ವರೆಗೆ. ಚಂದ್ರ ಇರುವುದು 3.84 ಲಕ್ಷ ಕಿ.ಮೀ. ದೂರದಲ್ಲಿ. ಮಂಗಳ ಚಂದ್ರನಿಗಿಂತ ಅಗಲದಲ್ಲಿ ಎರಡರಷ್ಟು ದೊಡ್ಡದಾದರೂ 145 ಪಟ್ಟು ದೂರ, ಹಾಗಾಗಿ ಕಾಣುವುದು ಚಂದ್ರನ 70ನೇ ಒಂದು ಪಾಲಿಗಿಂತ ಚಿಕ್ಕದಾಗಿ. ಮೂಲ ಇಮೇಲ್‌ನಲ್ಲಿ ‘75 ಪಟ್ಟು ಹಿಗ್ಗಿಸುವ ದೂರದರ್ಶಕದಲ್ಲಿ ನೋಡಿದರೆ’ ಎಂಬ ಮಾತಿತ್ತು. ಕೈಯಿಂದ ಕೈಗೆ ಹೋಗುತ್ತಾ ಆ ಮಾತು ಬಿದ್ದುಹೋಯಿತು, ವರ್ಷವೂ ಬಿದ್ದುಹೋಯಿತು, ತಾರೀಖು ಮಾತ್ರ ಉಳಿಯಿತು.

ಶೇಕಡಾವಾರು ಏರಿ ಇಳಿದರೆ ಮುಚ್ಚಿಟ್ಟರು ಎಂದರ್ಥವೇ?

ಕ್ಷುದ್ರಗ್ರಹ ಭೂಮಿಗೆ ಬಡಿಯುತ್ತದೆ ಎಂಬ ಸುದ್ದಿಗಳ ಹಿಂದೆಯೂ ಇದೇ ಕೆಲಸ ಇದೆ: ದಿಕ್ಕುಗಳನ್ನು ಅಳೆದು ಹಾದಿ ಹುಡುಕುವುದು. 2024ರ ಡಿಸೆಂಬರ್ 27ರಂದು ಚಿಲಿಯ ದೂರದರ್ಶಕವೊಂದಕ್ಕೆ 2024 ವೈಆರ್4 ಎಂಬ ಕಲ್ಲು ಕಾಣಿಸಿತು. ಅದು 2032ರ ಡಿಸೆಂಬರ್ 22ರಂದು ಭೂಮಿಗೆ ಬಡಿಯುವ ಸಾಧ್ಯತೆ ಜನವರಿ ಕೊನೆಗೆ ಶೇ. 1 ದಾಟಿತು, ಫೆಬ್ರವರಿ 18ರಂದು ಶೇ. 3.1 ಆಯಿತು, ಒಂದೇ ವಾರದಲ್ಲಿ ಸೊನ್ನೆಯ ಹತ್ತಿರಕ್ಕೆ ಬಿತ್ತು. ಸಂಖ್ಯೆ ಹೀಗೆ ಏರಿಳಿದಾಗ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುವುದು ಸಹಜ.

ಎಲ್‌ಬಿಡಬ್ಲ್ಯು ಡಿಆರ್‌ಎಸ್ ನೆನಪಿಸಿಕೊಳ್ಳಿ. ಚೆಂಡು ಪಿಚ್ ಆದ ಮೇಲೆ ಪ್ಯಾಡ್‌ಗೆ ತಾಗುವ ಮೊದಲು ಸ್ವಲ್ಪ ದೂರವಾದರೂ ಕ್ಯಾಮೆರಾಗೆ ಕಂಡಿದ್ದರೆ ಮುಂದಿನ ಹಾದಿ ಗಟ್ಟಿಯಾಗಿ ಹೇಳಬಹುದು. ಕಂಡದ್ದು ತೀರಾ ಕಡಿಮೆಯಾದರೆ ಮುಂದಿನ ಊಹೆ ಅಗಲವಾಗುತ್ತದೆ. ಕೆಲವೇ ದಿನ ನೋಡಿದ ಕ್ಷುದ್ರಗ್ರಹದ್ದೂ ಅದೇ ಪಾಡು. ಏಳು ವರ್ಷ ಮುಂದಕ್ಕೆ ಅದರ ಹಾದಿ ಒಂದು ಗೆರೆಯಾಗಿರುವುದಿಲ್ಲ, ಅಗಲವಾದ ಪಟ್ಟಿಯಾಗಿರುತ್ತದೆ. ಆ ಪಟ್ಟಿಯೊಳಗೆ ಎಲ್ಲೋ ಭೂಮಿಯೂ ಇರುತ್ತದೆ.

ಸಾಧ್ಯತೆ ಮೊದಲು ಏರುವುದೇಕೆ? ಮನೆಯ ಹತ್ತು ಜಾಗಗಳಲ್ಲಿ ಎಲ್ಲೋ ಬೀಗದ ಕೈ ಕಳೆದಿದೆ ಎನ್ನಿ. ಏಳು ಕಡೆ ಹುಡುಕಿ ಸಿಗದಿದ್ದಾಗ, ಅದು ಸೋಫಾದಡಿ ಇರುವ ಸಾಧ್ಯತೆ ಹತ್ತರಲ್ಲಿ ಒಂದರಿಂದ ಮೂರರಲ್ಲಿ ಒಂದಕ್ಕೆ ಏರುತ್ತದೆ. ಎಂಟನೆಯದಾಗಿ ಶರ್ಟಿನ ಜೇಬು ನೋಡಿದಾಗ ಸಿಕ್ಕಿಬಿಟ್ಟರೆ ಸೋಫಾದ ಸಾಧ್ಯತೆ ಸೊನ್ನೆ. ವೀಕ್ಷಣೆ ಹೆಚ್ಚಿದಂತೆ ಪಟ್ಟಿ ಕಿರಿದಾಗುತ್ತಾ ಬಂತು, ಭೂಮಿ ಇನ್ನೂ ಅದರೊಳಗೇ ಇದ್ದುದರಿಂದ ಅದರ ಪಾಲು ಏರಿತು, ಇನ್ನಷ್ಟು ಕಿರಿದಾದಾಗ ಭೂಮಿ ಹೊರಗುಳಿಯಿತು.

ಅಪೋಫಿಸ್ ಎಂಬ ಕಲ್ಲಿನದೂ ಹೀಗೇ ಆಗಿತ್ತು. 2004ರ ಡಿಸೆಂಬರ್‌ನಲ್ಲಿ ಅದರ ಸಾಧ್ಯತೆ ಶೇ. 2.7ಕ್ಕೆ ಏರಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ತೆಗೆದಿದ್ದ ಹಳೆಯ ಚಿತ್ರಗಳಲ್ಲಿ ಅದು ಪತ್ತೆಯಾಗಿ, ನೋಡಿದ ಅವಧಿ ಉದ್ದವಾದ ತಕ್ಷಣ 2029ರ ಅಪಾಯ ಇಲ್ಲವಾಯಿತು. 2021ರ ರೇಡಾರ್ ಅಳತೆಯ ನಂತರ ಕನಿಷ್ಠ ನೂರು ವರ್ಷ ಡಿಕ್ಕಿಯ ಭಯವಿಲ್ಲ ಎಂದು ಲೆಕ್ಕ ಸಿಕ್ಕಿತು. ಅದು ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ಎತ್ತರದಲ್ಲಿ ಹಾದುಹೋಗುವುದು 2029ರ ಏಪ್ರಿಲ್ 13ರಂದು. ಅವತ್ತು ಶುಕ್ರವಾರ ಬೇರೆ, ಸಂದೇಶಗಳು ಬಂದೇ ಬರುತ್ತವೆ. ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಎಷ್ಟು ದಿನ ನೋಡಿ ಲೆಕ್ಕ ಹಾಕಿದ್ದಾರೆ? ಅಪೋಫಿಸ್ ಮಟ್ಟಿಗೆ ಉತ್ತರ, 2004ರಿಂದ.